ಮೂರು ಹೆಸರಿನಲ್ಲಿ ಹಂಚಿಹೋಗಿದ್ದ ನನ್ನ ಪೇಪರ್‌ಗಳು

ಪುಣೆಗೆ ಬಂದ ಹೊಸದರಲ್ಲಿ ಪಾಷಾಣ್ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದಾಗ ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು: "ಆಡನಾವ್ ಕಾಯ್?" ಹುಬ್ಬಳ್ಳಿ, ಬೆಳಗಾವಿ ಕಡೆಯ ಗೆಳೆಯರು ತಟ್ಟನೆ ಅಡ್ಡಹೆಸರು ಹೇಳಿಬಿಡುತ್ತಿದ್ದರು. ಹಾಸನದವನಾದ ನನಗಿರುವುದು ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಮನೆಯೇನೋ ಸಿಕ್ಕಿತು. ಆದರೆ ಅದೇ ಇನಿಷಿಯಲ್ ಹತ್ತು ವರ್ಷದ ಕೆಲಸವನ್ನು ಚೂರು ಮಾಡಿತ್ತು ಅಂತ ಗೊತ್ತಾಗಿದ್ದು ಬಹಳ ತಡವಾಗಿ.

ನನ್ನದು ಕಂಪ್ಯೂಟೇಷನಲ್ ಕೆಮಿಸ್ಟ್ರಿ, ಅಂದರೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಮಾಡುವ ರಸಾಯನಶಾಸ್ತ್ರ. ಪ್ರಮೋಷನ್ ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಬರೆಯಬೇಕಿತ್ತು; ನಮ್ಮ ಪೇಪರ್‌ಗಳಿಗೆ ಬೇರೆ ಪೇಪರ್‌ಗಳಲ್ಲಿ ಸಿಕ್ಕ ಉಲ್ಲೇಖಗಳಿಂದ, ಅಂದರೆ ಸೈಟೇಷನ್‌ಗಳಿಂದ, ಲೆಕ್ಕ ಹಾಕುವ ಅಂಕಿ ಅದು. ಪೇಪರ್‌ಗಳನ್ನೂ ಅವುಗಳ ಸೈಟೇಷನ್‌ಗಳನ್ನೂ ಪಟ್ಟಿ ಮಾಡುವ ಸ್ಕೋಪಸ್ ಜಾಲತಾಣ ತೆರೆದರೆ ಅಲ್ಲಿ ಮೂವರು ನಾನು! ಮೊದಲ ಪೇಪರ್‌ಗಳಲ್ಲಿ ಇನಿಷಿಯಲ್ ಮತ್ತು ಹೆಸರು. ಆಮೇಲೊಂದು ಜರ್ನಲ್ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದಿದ್ದಕ್ಕೆ ಅಪ್ಪನ ಹೆಸರು ಕೊನೆಗೆ ಹೋಗಿ ಅಡ್ಡಹೆಸರಾಗಿತ್ತು. ಪುಣೆಗೆ ಬಂದ ಮೇಲೆ 'ಹಾಸನ್' ಅನ್ನುವುದೇ ಅಡ್ಡಹೆಸರು. ಮೂವರ ಎಚ್-ಇಂಡೆಕ್ಸ್ 6, 5, 4. ಆಫೀಸಿನವರು 6 ಅಂತ ಬರೆದುಕೊಂಡು ಕಡತ ಮುಂದಕ್ಕೆ ಕಳಿಸಿಬಿಟ್ಟಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಕೂತು ಕೈಯಲ್ಲೇ ಲೆಕ್ಕ ಹಾಕಿದೆ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಸೂತ್ರ ಸರಳ: ಪೇಪರ್‌ಗಳನ್ನು ಸೈಟೇಷನ್ ಹೆಚ್ಚಿರುವುದರಿಂದ ಕಡಿಮೆಯತ್ತ ಸಾಲಾಗಿ ಇಡಿ, ಒಂದೊಂದಕ್ಕೂ ಕ್ರಮಸಂಖ್ಯೆ ಕೊಡುತ್ತಾ ಇಳಿಯಿರಿ. ಸೈಟೇಷನ್ ಕ್ರಮಸಂಖ್ಯೆಗಿಂತ ಕಡಿಮೆಯಾದ ಕಡೆ ನಿಲ್ಲಿ. ಅದರ ಹಿಂದಿನ ಸಂಖ್ಯೆಯೇ ಉತ್ತರ. ನನ್ನ ಪಟ್ಟಿಯಲ್ಲಿ ಒಂಬತ್ತನೆಯದಕ್ಕೆ 10, ಹತ್ತನೆಯದಕ್ಕೆ 8. ಅಂದರೆ 9. ಆರಲ್ಲ, ಮೂರನ್ನೂ ಕೂಡಿದ ಹದಿನೈದೂ ಅಲ್ಲ. ಒಂದೇ ಹೆಸರಿನಡಿ ತನ್ನಿ ಅಂತ ಸ್ಕೋಪಸ್‌ಗೆ ಕೋರಿಕೆ ಸಲ್ಲಿಸಿದೆ, ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕಿಯ ಆರ್ಕಿಡ್ (ORCID) ಸಂಖ್ಯೆ ಮಾಡಿಸಿದೆ, ಒಂದೊಂದೇ ಪೇಪರನ್ನು ಅದಕ್ಕೆ ಜೋಡಿಸಿದೆ. ಹೆಸರು ಹೇಗೇ ಬರೆದರೂ ಆ ಸಂಖ್ಯೆ ಬದಲಾಗುವುದಿಲ್ಲ. ಇನಿಷಿಯಲ್‌ನವರಾದ ನಮಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನಿಲ್ಲ.

ಪಟ್ಟಿ ಸರಿಯಾದ ಮೇಲೆ ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚಿತು. ನನ್ನ ಪೇಪರ್‌ಗಳಲ್ಲಿ ಅತಿ ಹೆಚ್ಚು ಸೈಟೇಷನ್ ಬಂದಿದ್ದು ಹೈಡ್ರೋಜನ್ ಬಂಧಗಳ ಶಕ್ತಿಯನ್ನು ಬೇರೆ ಬೇರೆ ಫಂಕ್ಷನಲ್‌ಗಳಲ್ಲಿ, ಅಂದರೆ ಅಂದಾಜು ಸೂತ್ರಗಳಲ್ಲಿ, ಲೆಕ್ಕ ಹಾಕಿ ಹೋಲಿಸಿದ ಒಂದು ಕೋಷ್ಟಕಕ್ಕೆ. ಎರಡು ವರ್ಷ ಜೀವ ತೇದ ಕಿಣ್ವದ ಕೆಲಸಕ್ಕೆ ನಾಲ್ಕೇ ನಾಲ್ಕು, ಅದರಲ್ಲಿ ಎರಡು ನಾನೇ ಕೊಟ್ಟಿದ್ದು. ಅದರ ಟ್ರಾನ್ಸಿಷನ್ ಸ್ಟೇಟ್, ಅಂದರೆ ರಾಸಾಯನಿಕ ಕ್ರಿಯೆ ದಾಟಬೇಕಾದ ಶಕ್ತಿಯ ಶಿಖರ, ಹುಡುಕಿದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆಳಗಿನ ಜಾವ ಲಾಗ್ ಫೈಲ್ ತೆರೆದೆ: ಮೊದಲ ಕಂಪನಾಂಕ ಮಾತ್ರ ಮೈನಸ್, ಉಳಿದೆಲ್ಲ ಪ್ಲಸ್. ಆ ಮೈನಸ್ ಅಂದರೆ ಕಾಲ್ಪನಿಕ ಆವೃತ್ತಿ; ಅದು ಒಂದೇ ಒಂದು ಇರುವುದೇ ಟ್ರಾನ್ಸಿಷನ್ ಸ್ಟೇಟ್‌ನ ಗುರುತು. ಆ ಕಂಪನವನ್ನು ಪರದೆಯ ಮೇಲೆ ಓಡಿಸಿದರೆ ಪ್ರೋಟಾನ್ ಆಕ್ಸಿಜನ್‌ನಿಂದ ನೈಟ್ರೋಜನ್ ಕಡೆಗೆ ತೂಗಾಡುತ್ತಿತ್ತು.

ನಮ್ಮ ಕ್ಷೇತ್ರದ ರೀತಿಯೇ ಹಾಗೆ. ಲೆಕ್ಕದ ವಿಧಾನ ಅನ್ನುವ ಉಪಕರಣ ಮಾಡಿಕೊಟ್ಟವರನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪೇಪರ್‌ಗಳ ಪಟ್ಟಿ ಮಾಡಿದಾಗ ಹನ್ನೆರಡು ಪೇಪರ್‌ಗಳು, ಅಣುಗಳ ಶಕ್ತಿಯನ್ನು ಎಲೆಕ್ಟ್ರಾನ್ ಸಾಂದ್ರತೆಯಿಂದ ಲೆಕ್ಕ ಹಾಕುವ ಡೆನ್ಸಿಟಿ ಫಂಕ್ಷನಲ್ ಥಿಯರಿಗೆ ಸೇರಿದ್ದವು. ಅದರಲ್ಲಿ ಬಳಸುವ ಒಂದು ಫಂಕ್ಷನಲ್ ಕುರಿತು ಲೀ, ಯಾಂಗ್, ಪಾರ್ 1988ರಲ್ಲಿ ಬರೆದದ್ದು ಮೊದಲ ಹತ್ತರಲ್ಲಿತ್ತು. ಆ ಗೌರವ ಅವರಿಗೆ ಸಲ್ಲಲೇಬೇಕು. ಆದರೆ ಉಪಕರಣ ಹಿಡಿದು ಒಂದೇ ಪ್ರಶ್ನೆಗೆ ವರ್ಷಗಟ್ಟಲೆ ಅಂಟಿಕೊಂಡವರ ಕೆಲಸವನ್ನು ಅದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ತಿದ್ದಿದ ಅರ್ಜಿಯಲ್ಲಿ 9 ಅಂತ ಬರೆದು, ಅದರ ಕೆಳಗೆ ಐದು ಪೇಪರ್‌ಗಳ ಬಗ್ಗೆ ಒಂದೊಂದು ಪ್ಯಾರಾ ಬರೆದೆ: ಪ್ರಶ್ನೆ ಏನು, ಏನು ಸಿಕ್ಕಿತು, ಅದನ್ನು ಬಳಸಿಕೊಂಡವರು ಯಾರು. ಕಿಣ್ವದ ಪೇಪರನ್ನು ಮೊದಲು ಇಟ್ಟೆ. ಸಂದರ್ಶನ ಮಾಡಿದವರು ಇಪ್ಪತ್ತು ನಿಮಿಷ ಮಾತಾಡಿದ್ದು ಅದರ ಬಗ್ಗೆಯೇ.

ಈಗ ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಮೊದಲ ಪೇಪರ್ ಕಳಿಸುವ ಮುಂಚೆ ಹೆಸರು ನಿಶ್ಚಯ ಮಾಡಿಸುತ್ತೇನೆ. ಹೋದ ತಿಂಗಳು ಅರಸೀಕೆರೆಯ ಹುಡುಗಿಯೊಬ್ಬಳು ನನ್ನೆದುರಿಗೇ ಮನೆಗೆ ಫೋನ್ ಮಾಡಿ, "ಅಪ್ಪಾ, ಕೊನೆಗೆ ನಿನ್ನ ಹೆಸರು ಹಾಕಲಾ, ಊರಿನ ಹೆಸರು ಹಾಕಲಾ?" ಅಂತ ಕೇಳಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಊರಿಂದೇ ಹಾಕವ್ವ" ಅಂದರು.