ಮನೆಯ ವೈಫೈ ರೂಟರ್: ಎರಡು ಬೀಗ, ಒಂದು ಹಿತ್ತಿಲ ಬಾಗಿಲು

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಮನೆ ಹಳೆಯದು. ಗೋಡೆ ಒಂದೊಂದೂ ಒಂದೂವರೆ ಅಡಿ ದಪ್ಪ. ಮಹಡಿಯಲ್ಲಿ ಮೂವರು ಇಂಜಿನಿಯರಿಂಗ್ ಹುಡುಗರು ಬಾಡಿಗೆಗಿದ್ದಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಸಂಜೆಯಾದರೆ ಸಾಕು, ನಮ್ಮ ವೈಫೈ ತೆವಳಲು ಶುರುವಾಗುತ್ತಿತ್ತು. ಬೇರೆ ದಾರಿ ಇಲ್ಲದೆ, ವೈಫೈ ಹರಡುವ ಡಬ್ಬಿಯಾದ ರೂಟರಿನ ವಿದ್ಯೆ ಕಲಿತೆ.

ಮೊದಲು ಜಾಗ ನೋಡಿ. ಕನೆಕ್ಷನ್ ಕೊಡಲು ಬಂದವರು ಕೇಬಲ್ ಎಲ್ಲಿಗೆ ಸಲೀಸೋ ಅಲ್ಲೇ ಡಬ್ಬಿ ಇಟ್ಟು ಹೋಗುತ್ತಾರೆ. ನಮ್ಮಲ್ಲಿ ಟಿವಿ ಹಿಂದೆ, ಕಬ್ಬಿಣದ ಬೀರುವಿಗೆ ಅಂಟಿಕೊಂಡಂತೆ ಇಟ್ಟಿದ್ದರು. ಕಬ್ಬಿಣ ಸಿಗ್ನಲ್ಲನ್ನು ತಡೆಯುತ್ತದೆ. ಹಾಲಿನ ಕಂಬಕ್ಕೆ ಮೊಳೆ ಹೊಡೆಸಿ, ತಲೆಯ ಎತ್ತರಕ್ಕೆ ತೂಗುಹಾಕಿಸಿದೆ. ಅಷ್ಟಕ್ಕೇ ಎಷ್ಟೋ ವಾಸಿಯಾಯಿತು. ಫೈಬರ್ ಕೇಬಲ್ಲನ್ನು ಮಾತ್ರ ಮೂಲೆಯಲ್ಲಿ ಮಡಚಬೇಡಿ, ಒಳಗಿರುವುದು ಗಾಜಿನ ಎಳೆ. ಈಗಿನ ರೂಟರುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಂಡ್, ಅಂದರೆ ಸಿಗ್ನಲ್ ಹರಿಯುವ ಎರಡು ದಾರಿ, ಇರುತ್ತವೆ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಹಾಲಿನ ಟಿವಿಗೆ 5, ಅಡುಗೆಮನೆಯ ಫೋನಿಗೆ 2.4 ಎಂದು ಹಂಚಿದ್ದೇನೆ.

ಇನ್ನು ಬೀಗ. ರೂಟರಿಗೆ ಎರಡು ಪಾಸ್‌ವರ್ಡ್ ಇರುತ್ತವೆ. ಇದು ನನಗೆ ಗೊತ್ತೇ ಇರಲಿಲ್ಲ. ಒಂದು ವೈಫೈ ಸೇರಲು, ಎಲ್ಲರೂ ಕೇಳುವುದು ಅದನ್ನೇ. ಇನ್ನೊಂದು ರೂಟರಿನ ಸೆಟ್ಟಿಂಗ್ಸ್ ತೆರೆಯಲು. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿದರೆ ಆ ಪುಟ ಬರುತ್ತದೆ. ನಿಮ್ಮದು ಯಾವುದೆಂದು ಡಬ್ಬಿಯ ತಳದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್! 2016ರಲ್ಲಿ ಮಿರಾಯ್ ಎಂಬ ವೈರಸ್ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ನುಗ್ಗಿದ್ದು ಕಂಪನಿಯವರೇ ಇಟ್ಟ ಇಂಥ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಿಯೇ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡೈರಿಯಲ್ಲಿ ಬರೆದಿಡಿ. ಬರೆಯಬಾರದು ಅಂತಾರೆ, ನಾನು ಒಪ್ಪುವುದಿಲ್ಲ. ನಮ್ಮ ಬೀರುವಿನೊಳಗಿನ ಡೈರಿಯನ್ನು ಯಾವ ವೈರಸ್ಸೂ ಓದಲಾರದು.

ವೈಫೈ ಪಾಸ್‌ವರ್ಡ್‌ಗೆ ಮೊಬೈಲ್ ನಂಬರ್ ಇಡಬೇಡಿ. ನಿಮ್ಮ ನಂಬರ್ ಹಾಲಿನವನಿಗೂ ಗೊತ್ತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ: ಒರಳು, ಜಟಕಾ, ನೆಲ್ಲಿಕಾಯಿ, ಗುರುವಾರ, ಹೀಗೆ. ಸೆಕ್ಯುರಿಟಿ ಅನ್ನುವ ಕಡೆ ಡಬ್ಲ್ಯುಪಿಎ3 (WPA3) ಎಂಬ ಹೊಸ ರಕ್ಷಣಾ ಪದ್ಧತಿ ಇದ್ದರೆ ಅದು, ಇಲ್ಲದಿದ್ದರೆ ಅದರ ಹಿಂದಿನ ಡಬ್ಲ್ಯುಪಿಎ2 ಆರಿಸಿ.

ಇಷ್ಟೆಲ್ಲ ಮಾಡಿಯೂ ನಾನು ಮೋಸ ಹೋದೆ. ವೈಫೈ ಪಾಸ್‌ವರ್ಡ್ ಬದಲಿಸಿದ ಮೇಲೆ ಸಂಜೆ ಚೆನ್ನಾಗಿತ್ತು. ಒಂದನೇ ತಾರೀಕು ಬಂತು, ಮತ್ತೆ ತೆವಳು. ಮತ್ತೆ ಬದಲಿಸಿದೆ, ಮುಂದಿನ ಒಂದನೇ ತಾರೀಕು ಮತ್ತೆ ಅದೇ ಕಥೆ. ಅವತ್ತು ಬಾಡಿಗೆ ದಿನ ಅಲ್ವಾ! ಹುಡುಗ ದುಡ್ಡು ಕೊಟ್ಟು, ‘ಆಂಟಿ, ಸ್ವಲ್ಪ ನೀರು’ ಅಂದಿದ್ದ. ನಾನು ಒಳಗೆ ಹೋದಾಗ ಕಂಬದ ಮೇಲಿನ ಡಬ್ಬಿಯ ಡಬ್ಲ್ಯುಪಿಎಸ್ ಗುಂಡಿ ಒತ್ತುತ್ತಿದ್ದ. ಅದನ್ನು ಒತ್ತಿದರೆ ಒಂದೆರಡು ನಿಮಿಷ ಪಾಸ್‌ವರ್ಡ್ ಇಲ್ಲದೆಯೇ ಹೊಸ ಲ್ಯಾಪ್‌ಟಾಪ್ ಸೇರಿಕೊಳ್ಳಬಹುದು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಗುಂಡಿ ಒತ್ತದೆಯೂ ಸೇರಿಕೊಳ್ಳಲು ಇದಕ್ಕೇ ಎಂಟು ಅಂಕಿಯ ಪಿನ್ ಕೂಡ ಇರುತ್ತದೆ. ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ ಅಂದುಕೊಳ್ಳುತ್ತೀರಿ. ಆದರೆ ರೂಟರ್ ಮೊದಲ ನಾಲ್ಕು ಅಂಕಿಗಳನ್ನು ಬೇರೆಯಾಗಿ, ಮುಂದಿನ ಮೂರನ್ನು ಬೇರೆಯಾಗಿ ಪರೀಕ್ಷಿಸುತ್ತದೆ. ಕೊನೆಯದು ಬರೀ ತಾಳೆ ನೋಡುವ ಅಂಕಿ. ನಾಲ್ಕಂಕಿಯ ಹತ್ತು ಸಾವಿರಕ್ಕೆ ಮೂರಂಕಿಯ ಒಂದು ಸಾವಿರ ಕೂಡಿದರೆ ಹನ್ನೊಂದೇ ಸಾವಿರ! ಈ ದೋಷ 2011ರಲ್ಲೇ ಬಯಲಾಗಿದೆ. ಸೆಟ್ಟಿಂಗ್ಸಿನಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡಿ. ಅಲ್ಲೇ ರಿಮೋಟ್ ಮ್ಯಾನೇಜ್‌ಮೆಂಟ್, ಅಂದರೆ ಮನೆಯ ಹೊರಗಿನಿಂದಲೂ ಸೆಟ್ಟಿಂಗ್ಸ್ ತೆರೆಯುವ ಸೌಲಭ್ಯ, ಇದ್ದರೆ ಅದನ್ನೂ ಆಫ್ ಮಾಡಿಬಿಡಿ.

ದಸರಾ ಬಂದರೆ ನಮ್ಮನೆ ತುಂಬ ನೆಂಟರು. ಬೊಂಬೆ ನೋಡಲು ಬಂದ ಮಕ್ಕಳೂ ಬೊಂಬೆ ಬಾಗಿನಕ್ಕಿಂತ ಮೊದಲು ವೈಫೈ ಕೇಳುತ್ತಾರೆ. ಇವರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರಿನ ತಂಟೆಗೆ ಬರಲು ಆಗುವುದಿಲ್ಲ. ನಮ್ಮದರ ಹೆಸರು ‘ಬೊಂಬೆಮನೆ’. ವಿಜಯದಶಮಿ ಮುಗಿದ ಮೇಲೆ ಬೊಂಬೆಗಳ ಜೊತೆ ಅದನ್ನೂ ಒಳಗಿಡುತ್ತೇನೆ.

ಒಂದು ಎಚ್ಚರಿಕೆ. ಪಾಸ್‌ವರ್ಡ್ ಮರೆತರೆ ಗುಂಡುಸೂಜಿಯಿಂದ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಬಹುದು ನಿಜ. ಆದರೆ ಕನೆಕ್ಷನ್ ಕೊಟ್ಟವರು ತುಂಬಿಸಿದ ಲಾಗಿನ್ನೂ ಅಳಿಸಿಹೋಗಬಹುದು. ನಾನು ಒಂದು ಶನಿವಾರ ಸುಮ್ನೆ ಒತ್ತಿ, ಸೋಮವಾರದವರೆಗೆ ಇಂಟರ್ನೆಟ್ ಇಲ್ಲದೆ ಕೂತಿದ್ದೆ. ಆ ಲಾಗಿನ್ ಮೊದಲೇ ಕೇಳಿ ಬರೆದುಕೊಳ್ಳಿ. ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಂದರೆ ಹಾಕಿ, ಕರೆಂಟ್ ಹೋಗುವ ಹೊತ್ತಿನಲ್ಲಿ ಮಾತ್ರ ಬೇಡ.

ಈಗ ಪ್ರತಿ ಬಾಡಿಗೆ ದಿನ ಸೆಟ್ಟಿಂಗ್ಸಿನಲ್ಲಿ ಯಾರ್ಯಾರು ಸೇರಿದ್ದಾರೆಂದು ಪಟ್ಟಿ ನೋಡುತ್ತೇನೆ. ಗೊತ್ತಿಲ್ಲದ ಹೆಸರು ಕಂಡರೆ ತಕ್ಷಣ ಗಾಬರಿ ಬೇಡ. ಮನೆಯ ಫೋನುಗಳ ವೈಫೈಯನ್ನು ಒಂದೊಂದಾಗಿ ಆರಿಸುತ್ತಾ ಬನ್ನಿ, ಯಾವುದು ಮಾಯವಾಗುತ್ತದೋ ನೋಡಿ. ಹೋದ ತಿಂಗಳು ಒಂದು ಹೆಸರು ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಹುಡುಗರನ್ನು ಕರೆದು ಗದರಿಸಿಯೂ ಆಯಿತು. ಕೊನೆಗೆ ನೋಡಿದರೆ ನಮ್ಮ ಯಜಮಾನರ ಹಳೇ ಟ್ಯಾಬು, ದೇವರಮನೆಯ ಕಪಾಟಿನಲ್ಲಿ ಸುಪ್ರಭಾತ ಹಾಡುತ್ತಾ ಕೂತಿತ್ತು.