ಲೇಬಲ್ ಜಾಲದಲ್ಲಿ ಧ್ವನಿಗೆ ದಾರಿ ಬಿಡಿಸಿದ್ದು

ಮಂಗಳೂರಿನ ನಮ್ಮ ಕಚೇರಿಯಿಂದ ಉಡುಪಿ ಶಾಖೆಗೆ ಸಂಜೆ ಆರರ ನಂತರ ಫೋನ್ ಮಾಡಿದರೆ, “ನಿಮ್ಮ ಸ್ವರ ಕಟ್ ಆಗಿ ಆಗಿ ಬರ್ತದೆ ಮಾರಾಯ್ರೇ” ಎಂದು ಅಲ್ಲಿನ ಮ್ಯಾನೇಜರ್ ದಿನವೂ ಹೇಳುತ್ತಿದ್ದರು. ಆ ಹೊತ್ತಿಗೆ ಇಲ್ಲಿಂದ ಅಲ್ಲಿಗೆ ಬ್ಯಾಕಪ್ ಹೋಗಲು ಶುರುವಾಗುತ್ತದೆ ಎಂಬುದು ಗೊತ್ತೇ ಇತ್ತು. ಆದರೆ ಧ್ವನಿಗೆ ಆದ್ಯತೆ ಕೊಡುವ ಪಾಲಿಸಿಯನ್ನು ನಾನೇ ಬರೆದು ಹಾಕಿದ್ದರೂ ಅದೇಕೆ ಕೆಲಸ ಮಾಡುತ್ತಿಲ್ಲ ಎಂಬುದು ಬಗೆಹರಿಯಲಿಲ್ಲ.

ನಮ್ಮ ಎಂಪಿಎಲ್‌ಎಸ್ (ಪ್ರತಿ ಪ್ಯಾಕೆಟ್‌ಗೆ, ಅಂದರೆ ದತ್ತಾಂಶದ ತುಣುಕಿಗೆ, ಲೇಬಲ್ ಅಂಟಿಸಿ ಅದನ್ನೇ ನೋಡಿ ಮುಂದೆ ಕಳುಹಿಸುವ ಪದ್ಧತಿ) ದಾರಿಯಲ್ಲಿ ಮಂಗಳೂರು, ಮೂಲ್ಕಿ, ಪಡುಬಿದ್ರಿ, ಉಡುಪಿ ಎಂದು ನಾಲ್ಕು ರೂಟರ್‌ಗಳಿವೆ. ಮೇಜಿನ ಫೋನಿನಲ್ಲಿ ಉಡುಪಿಯ ಕರೆಯನ್ನು ಹಾಗೆಯೇ ಇಟ್ಟುಕೊಂಡು ಮೂಲ್ಕಿಯ ರೂಟರ್‌ಗೆ ಲಾಗಿನ್ ಆಗಿ ನೋಡಿದರೆ, ಧ್ವನಿಯ ಕ್ಲಾಸಿಗೆ, ಅಂದರೆ ಪಾಲಿಸಿ ಧ್ವನಿಯೆಂದು ಬೇರ್ಪಡಿಸುವ ಗುಂಪಿಗೆ, ಸೇರಿದ ಪ್ಯಾಕೆಟ್‌ಗಳ ಎಣಿಕೆ 0 ಇತ್ತು; ಎಷ್ಟು ಸಲ ನೋಡಿದರೂ 0. ಎಲ್ಲ ಪ್ಯಾಕೆಟ್‌ಗಳೂ ಆದ್ಯತೆಯಿಲ್ಲದ ಡೀಫಾಲ್ಟ್ ಕ್ಲಾಸಿಗೆ ಬೀಳುತ್ತಿದ್ದವು. ನಾನು ಪಾಲಿಸಿಯಲ್ಲಿ ಡಿಎಸ್‌ಸಿಪಿ 46 ಅನ್ನು, ಅಂದರೆ ಧ್ವನಿಗೆ ಹಾಕುವ ಆದ್ಯತೆಯ ಗುರುತನ್ನು, ಹುಡುಕಲು ಹೇಳಿದ್ದೆ, ಆದರೆ ಆ ಗುರುತು ಲೇಬಲ್ಲಿನ ಒಳಗಡೆ ಇರುವ ಐಪಿ ಹೆಡರ್‌ನಲ್ಲಿರುತ್ತದೆ. ನಡುದಾರಿಯ ರೂಟರ್ ನೋಡುವುದು ಮೇಲಿನ ಲೇಬಲ್ಲನ್ನು ಮಾತ್ರ. 32 ಬಿಟ್‌ಗಳ ಆ ಲೇಬಲ್ ನಮೂದಿನಲ್ಲಿ ಆದ್ಯತೆಗೆಂದು ಇರುವುದು ಇಎಕ್ಸ್‌ಪಿ ಎಂಬ 3 ಬಿಟ್‌ಗಳು. 2009ರಲ್ಲಿ ಅದಕ್ಕೆ ಟ್ರಾಫಿಕ್ ಕ್ಲಾಸ್ ಎಂದು ಹೆಸರು ಬದಲಾಯಿತಾದರೂ ನಾವೆಲ್ಲ ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತೇವೆ. ಡಿಎಸ್‌ಸಿಪಿಯ 64 ಬೆಲೆಗಳು ಇಲ್ಲಿ 8ರೊಳಗೆ ಹಿಡಿಯಬೇಕು. 46ರ ಮೇಲಿನ ಮೂರು ಬಿಟ್ ತೆಗೆದುಕೊಂಡರೆ 5 ಬರುತ್ತದೆ.

ಹಾಗಾಗಿ ಮಂಗಳೂರಿನ ರೂಟರ್‌ನಲ್ಲಿ, ಫೋನ್‌ಗಳಿಗೆಂದೇ ಬೇರ್ಪಡಿಸಿದ ಜಾಲದಿಂದ (ವಿಎಲ್ಯಾನ್) ಬಂದ ಪ್ಯಾಕೆಟ್‌ಗಳಿಗೆ ಮಾತ್ರ ಇಎಕ್ಸ್‌ಪಿ 5 ಹಾಕಿಸಿದೆ. ಕಂಪ್ಯೂಟರ್‌ಗಳು ತಾವಾಗಿ ಹಾಕಿಕೊಂಡು ಬರುವ ಗುರುತನ್ನು ನಂಬುವುದು ನನಗೆ ಸರಿ ಕಾಣಲಿಲ್ಲ. ಮುಂದಿನ ರೂಟರ್‌ಗಳಲ್ಲಿ ಆ 5ನ್ನೇ ನೋಡಿ ಆದ್ಯತೆಯ ಕ್ಯೂಗೆ (ಸರದಿಗೆ) ಕಳುಹಿಸಿದೆ. ಜಿ.711 ಎಂಬ ಧ್ವನಿ ಸಂಕೇತನದ ಒಂದು ಕರೆಗೆ ಐಪಿ ಮಟ್ಟದಲ್ಲಿ 80 ಕೆಬಿಪಿಎಸ್ ಬೇಕು; ಈಥರ್ನೆಟ್ ಹೆಡರ್, ಲೇಬಲ್ ಸೇರಿ 90ರ ಹತ್ತಿರ ಬರುತ್ತದೆ. ಏಕಕಾಲಕ್ಕೆ 20 ಕರೆಗಳೆಂದು ಲೆಕ್ಕ ಹಾಕಿ 2 ಎಂಬಿಪಿಎಸ್ ಮೀಸಲಿಟ್ಟೆ. ಈ ಮಿತಿಯನ್ನು ಬಿಗಿಯಾಗಿ ಲೆಕ್ಕ ಹಾಕಬಾರದು, ಏಕೆಂದರೆ ದಟ್ಟಣೆಯ ವೇಳೆ ಮಿತಿ ಮೀರಿದ ಧ್ವನಿ ಪ್ಯಾಕೆಟ್ ಕಾಯುವುದಿಲ್ಲ, ಬಿದ್ದೇ ಹೋಗುತ್ತದೆ. ಆಗ ಕೆಡುವುದು ಇಪ್ಪತ್ತೊಂದನೆಯ ಕರೆಯೊಂದೇ ಅಲ್ಲ, ಎಲ್ಲರ ಮಾತೂ ಒಡೆಯುತ್ತದೆ.

ಮೂಲ್ಕಿಯಲ್ಲಿ ಎಣಿಕೆ ಏರತೊಡಗಿತು, ಪಡುಬಿದ್ರಿಯಲ್ಲಿ ಮಾತ್ರ 0 ಕದಲಲಿಲ್ಲ. ಕೊನೆಯ ರೂಟರ್‌ಗೆ ಕೆಲಸ ಕಡಿಮೆಯಾಗಲೆಂದು ಅದರ ಹಿಂದಿನ ರೂಟರೇ ಲೇಬಲ್ ಕಳಚುವುದು ವಾಡಿಕೆ. ಲೇಬಲ್ ಹೋದಾಗ ಅದರೊಂದಿಗೆ ನಾನು ಹಾಕಿದ 5 ಕೂಡ ಹೋಗುತ್ತಿತ್ತು. ಉಡುಪಿಯ ರೂಟರ್ ತನ್ನ ನೆರೆಯದಕ್ಕೆ ಲೇಬಲ್ ಕಳಚಿ ಬರಿದಾಗಿ ಕಳುಹಿಸುವ ಬದಲು ಎಕ್ಸ್‌ಪ್ಲಿಸಿಟ್ ನಲ್, ಅಂದರೆ ಲೇಬಲ್ 0, ಹಾಕಿ ಕಳುಹಿಸಲು ಹೇಳುವಂತೆ ಮಾಡಿದ ಮೇಲೆ ಪ್ಯಾಕೆಟ್ ಉಡುಪಿಯವರೆಗೂ ಗುರುತು ಹೊತ್ತೇ ಹೋಗತೊಡಗಿತು. ಎದುರು ದಿಕ್ಕಿಗೂ ಇದೇ ಮಾರ್ಪಾಡನ್ನು ಮಂಗಳೂರಿನ ರೂಟರ್‌ನಲ್ಲಿ ಮಾಡಬೇಕಾಯಿತು.

ಮರುದಿನ ಸಂಜೆ ಬ್ಯಾಕಪ್ ನಡೆಯುತ್ತಿರುವಾಗಲೇ ಉಡುಪಿಗೆ ಕರೆ ಮಾಡಿ ಹತ್ತು ನಿಮಿಷ ಮಾತನಾಡಿದೆ. ಪಡುಬಿದ್ರಿಯ ಧ್ವನಿ ಕ್ಯೂನಲ್ಲಿ ಒಂದು ಪ್ಯಾಕೆಟ್ಟೂ ಬಿದ್ದಿರಲಿಲ್ಲ, ಬ್ಯಾಕಪ್ ಮಾತ್ರ ಎಂದಿಗಿಂತ ಸ್ವಲ್ಪ ತಡವಾಗಿ ಮುಗಿಯಿತು.