ಒಳಲೆ ಅಟ್ಟ ಸೇರಿದ ಮೇಲೆ

ನನ್ನ ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನಾನು ಕೆಲಸಕ್ಕೆ ಮರಳಿ ಮೂರು ವಾರವಾಗಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ರಜೆ 12 ವಾರದಿಂದ 26 ವಾರಕ್ಕೆ ಏರಿದೆ, ನಿಜ. ಆದರೆ ಅದರಲ್ಲಿ ಮೂರು ವಾರ ಹೆರಿಗೆಗೆ ಮುಂಚೆಯೇ ಕಳೆದಿತ್ತು. ಹೀಗಾಗಿ ಎದೆಹಾಲು ಬಿಟ್ಟು ಬೇರೇನನ್ನೂ ಕೊಡಬಾರದ ಕೊನೆಯ ದಿನಗಳೂ, ಊಟ ಕಲಿಸಬೇಕಾದ ಮೊದಲ ದಿನಗಳೂ ನನ್ನ ಕಚೇರಿಯ ಹೊತ್ತಿನಲ್ಲೇ ಬಂದವು. ಮೈಸೂರಿನ ನಮ್ಮ ಮನೆಯಲ್ಲಿ ಹಗಲು ಮಗುವನ್ನು ನೋಡಿಕೊಂಡವರು ನನ್ನ ಅತ್ತೆ. ಮಂಡ್ಯದ ಕಡೆಯವರು, ಮೂವರು ಮಕ್ಕಳನ್ನು ಹೆತ್ತು ಐವರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. ಅಲ್ಲಿಂದ ಮುಂದಿನ ಆರು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಅವರಿಂದ. ಉಳಿದರ್ಧ ಅವರೊಡನೆ ವಾದ ಮಾಡುತ್ತಾ.

ಮೊದಲು ಹಾಲಿನ ವಿಷಯ. ಬೆಳಗ್ಗೆ ಐದಕ್ಕೆ ಎದ್ದು, ಕೈ ತೊಳೆದು, ಮುಚ್ಚಳವಿರುವ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಇಡುತ್ತಿದ್ದೆ. ಮಧ್ಯಾಹ್ನ ಕಚೇರಿಯ ದಾಖಲೆ ಕೋಣೆಯ ಬಾಗಿಲು ಹಾಕಿಕೊಂಡು ಇನ್ನೊಮ್ಮೆ. ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಾದರೆ ಒಂದು ದಿನ ಎಂದು ಮಕ್ಕಳ ವೈದ್ಯರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಎರಡನೆಯ ದಿನವೇ ಅತ್ತೆ ಫೋನ್ ಮಾಡಿದರು. “ಹಾಲು ಒಡೆದುಹೋಗಿದೆ ಕಣಮ್ಮ, ಚೆಲ್ಲಿಬಿಡಲಾ?” ಮೇಲೆ ಹಳದಿ ಕೆನೆ, ಕೆಳಗೆ ನೀಲಿ ಛಾಯೆಯ ತಿಳಿ ನೀರು. ಅದು ಒಡೆದದ್ದಲ್ಲ. ತೆಗೆದಿಟ್ಟ ಎದೆಹಾಲಿನಲ್ಲಿ ಕೊಬ್ಬು ಹಾಗೆಯೇ ಮೇಲೇಳುತ್ತದೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಮೆಲ್ಲಗೆ ಅಲುಗಾಡಿಸಿದರೆ ಮತ್ತೆ ಒಂದಾಗುತ್ತದೆ. ಒಲೆಯ ಮೇಲಿಟ್ಟು ಕಾಯಿಸಬಾರದು. ಅತ್ತೆ ಅದನ್ನು ಒಳಲೆಯಲ್ಲಿ, ಎಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸಿದರು. ಹಾಲಿಗೆ ಒಳಲೆ ಒಳ್ಳೆಯದೆಂದೇ ನನಗೂ ಅನ್ನಿಸಿತ್ತು. ಬಾಟಲಿಯ ನಿಪ್ಪಲ್ಲಿನ ಹಾಗೆ ಕೊಳೆ ಕೂರುವ ಮೂಲೆಗಳಿಲ್ಲ, ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು. ತೊಂದರೆ ಶುರುವಾದದ್ದು ಅದೇ ಒಳಲೆಗೆ ರಾಗಿ ಸರಿ ಬಂದಾಗ.

ರಾಗಿ ಸರಿಯ ಹಿಟ್ಟು ಮಾಡುವುದರಲ್ಲಿ ಅತ್ತೆಯನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಕಲ್ಲು ಆರಿಸಿ, ನಾಲ್ಕೈದು ನೀರಿನಲ್ಲಿ ತೊಳೆದು, ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ. ಮಾರನೆಯ ದಿನ ಗಂಟು ಬಿಚ್ಚಿದರೆ ಕೆಂಪು ಕಾಳಿನ ತುಂಬ ಬಿಳಿ ಎಳೆಗಳು. ನೆರಳಲ್ಲಿ ಹರಡಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಮ ಬರುವಷ್ಟು ಮಾತ್ರ ಹುರಿದು ಮಿಲ್ಲಿಗೆ ಕಳಿಸುತ್ತಾರೆ. ಹಿಟ್ಟನ್ನು ಮಾವನವರ ಹಳೆಯ ಪಂಚೆಯಲ್ಲಿ ವಸ್ತ್ರಗಾಳಿತ ಮಾಡುವಾಗ ಪಂಚೆಯ ಕೆಳಗೆ ಬೀಳುವ ಪುಡಿ ಕೈಗೆ ತಾಕಿದ್ದೂ ತಿಳಿಯುವುದಿಲ್ಲ, ಅಷ್ಟು ನುಣುಪು. ಈ ಶ್ರಮಕ್ಕೆ ಅರ್ಥವಿದೆ. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರಿಂದಾಗಿ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಮುಷ್ಟಿಯಷ್ಟು ಹೊಟ್ಟೆಯ ಮಗುವಿಗೆ ಅದೇ ಅಳತೆಯ ಬಟ್ಟಲಿನಲ್ಲಿ ಹೆಚ್ಚು ಸತ್ವ ಹೋಗುತ್ತದೆ. ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ರಾಗಿಯ ಕ್ಯಾಲ್ಸಿಯಂ ಬಗ್ಗೆ ಹೇಳಬೇಕಾಗಿಯೇ ಇಲ್ಲ. 100 ಗ್ರಾಮಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು.

ಒಂದು ಶನಿವಾರ ಬೇಗ ಮನೆಗೆ ಬಂದೆ. ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ಕಾಲುಗಳ ನಡುವೆ ಮಗು ಅಂಗಾತ. ಎಡಗೈಯಲ್ಲಿ ಅವಳ ಎರಡೂ ಕೈಗಳನ್ನು ಹಿಡಿದು, ಬಲಗೈಯಿಂದ ಒಳಲೆಯ ಮೂತಿಯನ್ನು ಕೆನ್ನೆಯ ಒಳಗೆ ಇಟ್ಟು ಸರಿ ಹುಯ್ಯುತ್ತಿದ್ದರು. ಅವಳು ಅತ್ತಾಗ ಬಾಯಿ ತೆರೆಯುತ್ತದೆ, ಆಗ ಒಂದಿಷ್ಟು. ನಾನು ಚಪ್ಪಲಿ ಬಿಡುತ್ತಿರುವಾಗಲೇ ಮಗು ಕೆಮ್ಮಿತು, ಸರಿ ಮೂಗಿನಿಂದ ಬಂತು, ಮುಖ ಕೆಂಪಾಯಿತು. ಅತ್ತೆ ಎತ್ತಿ ಬೆನ್ನು ತಟ್ಟಿ, ಮುಖ ಒರೆಸಿ, ಮತ್ತೆ ಮಲಗಿಸಲು ಹೋದರು. ಒಳಲೆಯಲ್ಲಿ ಇನ್ನೂ ಅರ್ಧ ಇತ್ತು.

ಅಂದು ನಾನು ಏನನ್ನೂ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಅವರು ಐವರು ಮೊಮ್ಮಕ್ಕಳನ್ನು ಹೀಗೆಯೇ ಬೆಳೆಸಿದವರು, ಪ್ರೀತಿಯಿಂದ. ನಾನು ಹೇಳಿದರೆ ಅದು ಸೊಸೆಯ ಮಾತಾಗುತ್ತದೆ. ಸೋಮವಾರ ಅರ್ಧ ದಿನ ರಜೆ ಹಾಕಿ ಅತ್ತೆಯನ್ನೂ ಕರೆದುಕೊಂಡು ಮಕ್ಕಳ ವೈದ್ಯರಲ್ಲಿಗೆ ಹೋದೆ. ಅವರು ಅತ್ತೆಯನ್ನೇ ನೋಡಿಕೊಂಡು ಮಾತನಾಡಿದರು. ಅಳುವ ಮಗು ಉಸಿರನ್ನು ಒಳಗೆ ಎಳೆದುಕೊಳ್ಳುತ್ತದೆ, ಆಗ ಬಾಯಿಯಲ್ಲಿದ್ದದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯಬಹುದು, ನ್ಯುಮೋನಿಯ ಆಗಬಹುದು ಎಂದರು. ಕೂರಿಸಿ, ಚಮಚದಲ್ಲಿ, ಅದು ಬಾಯಿ ತೆರೆದಾಗ ಮಾತ್ರ. ಅತ್ತೆ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಮಾತ್ರ, “ಹಾಗೆ ಕಾಯುತ್ತಾ ಕೂತರೆ ಈ ಮಗು ಹೊಟ್ಟೆಗಿಲ್ಲದೆ ಮಲಗುತ್ತದೆ” ಎಂದರು. ಆ ಮಾತಿನಲ್ಲಿ ಕೋಪಕ್ಕಿಂತ ಹೆದರಿಕೆ ಹೆಚ್ಚಿತ್ತು.

ಹದಿನೈದು ದಿನ ನೋಡೋಣ ಎಂದು ಒಪ್ಪಂದವಾಯಿತು. ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬಂದೆವು. ಮೊದಲ ದಿನ ಗೋಡೆಯ ಮೂಲೆಗೆ ದಿಂಬು ಕೊಟ್ಟು ಕೂರಿಸಿದರೆ ಅವಳು ತಿಂದದ್ದು ಮೂರು ಚಮಚ. ಅದರಲ್ಲೂ ಅರ್ಧ ನಾಲಿಗೆಯಿಂದ ಹೊರಗೆ ತಳ್ಳಿದಳು. ಬೇಡವೆಂದು ತಳ್ಳುವುದಲ್ಲ ಅದು. ಇಷ್ಟು ದಿನ ಚೀಪಲು ಮಾತ್ರ ಗೊತ್ತಿದ್ದ ನಾಲಿಗೆಗೆ ತುತ್ತನ್ನು ಹಿಂದಕ್ಕೆ ಸರಿಸುವುದು ಇನ್ನೂ ಬಂದಿರುವುದಿಲ್ಲ. ನಾನು ಕೆಲಸದಿಂದ ಬಂದ ಮೇಲೆ ಎದುರಿಗೆ ಕುಳಿತು ಸುಮ್ಮನೆ ಅವಳ ಮುಖವನ್ನು ನೋಡತೊಡಗಿದೆ. ಬೇಕಾದಾಗ ಮೈ ಮುಂದಕ್ಕೆ ಬಾಗುತ್ತದೆ, ಕಣ್ಣು ಚಮಚದ ಹಿಂದೆ ಹೋಗುತ್ತದೆ, ಚಮಚ ಇನ್ನೂ ಗೇಣು ದೂರವಿರುವಾಗಲೇ ಬಾಯಿ ತೆರೆಯುತ್ತದೆ. ಸಾಕಾದಾಗ ಮೊದಲು ಬಾಯಿ ಬಿಗಿಯಾಗುತ್ತದೆ, ಆಮೇಲೆ ಮುಖ ತಿರುಗುತ್ತದೆ, ಆಮೇಲೆ ಕೈ ಬಂದು ಚಮಚವನ್ನು ತಳ್ಳುತ್ತದೆ. ಇಷ್ಟಾದ ಮೇಲೂ ನಾವು ಬಿಡದಿದ್ದರೆ ಅಳು. ಒಳಲೆಯಲ್ಲಿ ಹುಯ್ಯುವಾಗ ನಾವು ಕೊನೆಯದನ್ನು ಮಾತ್ರ ಕೇಳಿಸಿಕೊಂಡಿದ್ದೆವು. ಎರಡನೆಯ ವಾರದ ಹೊತ್ತಿಗೆ ಅರ್ಧ ಲೋಟ ತಿನ್ನುತ್ತಿದ್ದಳು. ತೂಕ ಇನ್ನೂರು ಗ್ರಾಂ ಏರಿತ್ತು. ಅತ್ತೆಯೇ ಒಳಲೆಯನ್ನು ತೊಳೆದು ಒರೆಸಿ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟರು. ಹಾಲನ್ನೂ ಪುಟ್ಟ ಲೋಟದಲ್ಲೇ ಕುಡಿಸಲು ಶುರುಮಾಡಿದೆವು.

ಸರಿ ಒಂದೇ ಸಾಲದು ಎಂಬುದನ್ನು ಇಬ್ಬರೂ ಕಲಿಯಬೇಕಾಯಿತು. ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ಎದೆಹಾಲಿನಲ್ಲಿ ಅದು ಬಹಳ ಕಡಿಮೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಸಿರಪ್ಪನ್ನು ವಾರಕ್ಕೆ ಎರಡು ಸಲ 1 ಮಿಲಿಯಂತೆ ಹಾಕಿದೆವು. ಮಲ ಕಪ್ಪಗಾದರೆ ಗಾಬರಿ ಬೇಡ ಎಂದು ಅವರೇ ಮೊದಲು ಹೇಳಿದ್ದರು. ಬೇಳೆಯ ಕಟ್ಟು ಮಕ್ಕಳಿಗೆ ಶಕ್ತಿ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಕಟ್ಟಿನಲ್ಲಿ ಇರುವುದು ಹೆಚ್ಚಾಗಿ ನೀರು, ಸತ್ವ ಇರುವುದು ಬೇಳೆಯಲ್ಲಿ. ಮಾಂಸದ ಸೂಪಿನದೂ ಅದೇ ಕಥೆ. ಆದ್ದರಿಂದ ಹೆಸರುಬೇಳೆಯನ್ನು ಅನ್ನದೊಡನೆ ಬೇಯಿಸಿ ಮಸೆದು, ಒಂದು ಚಮಚ ತುಪ್ಪ ಹಾಕಿ ಕೊಟ್ಟೆವು. ಸಿಹಿಕುಂಬಳ, ಸೊಪ್ಪು, ಪರಂಗಿ ಹಣ್ಣು, ಏಲಕ್ಕಿ ಬಾಳೆ ಒಂದೊಂದಾಗಿ ಬಂದವು. ಏಳನೆಯ ತಿಂಗಳಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಎಂಟರಲ್ಲಿ ಕುಕ್ಕರಿನಲ್ಲಿ ಮೆತ್ತಗಾದ ಕೋಳಿ ಮಾಂಸವನ್ನು ಅರೆದು. ಸರಿ ಚಮಚವನ್ನು ಓರೆ ಮಾಡಿದರೆ ಸುರಿದುಹೋಗಬಾರದು, ಜಾರಬೇಕು. ಅದೇ ನಮ್ಮ ಅಳತೆ. ಸೊಪ್ಪನ್ನು ಎಂಟು ಸಲ ಉಗಿದವಳು ಒಂಬತ್ತನೆಯ ಸಲ ನುಂಗಿದಳು. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಹಾಕಲಿಲ್ಲ. ಜೇನುತುಪ್ಪದ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿದ್ದೆ. ಅದರಲ್ಲಿ ಇರಬಹುದಾದ ಬೊಟುಲಿಸಮ್ ರೋಗಾಣುವಿನ ಬೀಜಕಗಳನ್ನು ವರ್ಷದೊಳಗಿನ ಮಗುವಿನ ಕರುಳು ತಡೆಯಲಾರದು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿಗೆ ಅತ್ತೆ ನನ್ನ ಮನೆಯಲ್ಲಿ ಕೈ ಹಾಕಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಎಂಟನೆಯ ತಿಂಗಳ ಕೊನೆಗೆ ಕೆಳಗಿನ ಎರಡು ಹಲ್ಲು ಬಿಳಿಯಾಗಿ ಕಾಣಿಸಿಕೊಂಡವು. ಅದೇ ವಾರ ಭೇದಿ. ಮಧ್ಯಾಹ್ನದೊಳಗೆ ಐದು ಸಲ, ಬರೀ ನೀರು. “ಹಲ್ಲಿನ ಭೇದಿ, ತಾನಾಗಿ ನಿಲ್ಲುತ್ತದೆ” ಎಂದು ಪಕ್ಕದ ಮನೆಯವರು, ನನ್ನ ತಾಯಿ, ಅತ್ತೆ ಮೂವರೂ ಹೇಳಿದರು. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಒಸಡು ಕಡಿಯುತ್ತದೆ, ಮಗು ರಗಳೆ ಮಾಡುತ್ತದೆ. ನೀರು ಭೇದಿ ಹಲ್ಲಿನಿಂದ ಬರುವುದಿಲ್ಲ. ಆ ವಯಸ್ಸಿನಲ್ಲಿ ನೆಲದ ಮೇಲಿನದೆಲ್ಲ ಬಾಯಿಗೆ ಹೋಗುತ್ತದೆ, ಎರಡೂ ಒಂದೇ ಕಾಲಕ್ಕೆ ಬರುವುದರಿಂದ ಹಾಗೆ ಕಾಣುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪೊಟ್ಟಣ ಓಆರ್‌ಎಸ್ ಕಲಸಿ, ಪ್ರತಿ ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿಯಷ್ಟನ್ನು ಚಮಚ ಚಮಚವಾಗಿ ಕುಡಿಸಿದೆ. ಒಮ್ಮೆ ವಾಂತಿ ಮಾಡಿದಳು. ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿದೆ. ವೈದ್ಯರು ಝಿಂಕ್ ಮಾತ್ರೆ ಬರೆದರು, ದಿನಕ್ಕೆ 20 ಮಿಲಿಗ್ರಾಂ. ಭೇದಿ ಮೂರನೆಯ ದಿನ ನಿಂತರೂ 14 ದಿನ ಪೂರ್ತಿ ಕೊಟ್ಟೆವು. ಎದೆಹಾಲು ನಿಲ್ಲಿಸಲಿಲ್ಲ, ಊಟವನ್ನೂ ನಿಲ್ಲಿಸಲಿಲ್ಲ. ಆ ಎರಡು ರಾತ್ರಿ ನಾನು ಎಣಿಸಿದ್ದು ಭೇದಿಯನ್ನಲ್ಲ, ಮೂತ್ರವನ್ನು. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಕುಡಿಯಲು ಆಗದಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮಡಿಕೆ ಹಾಗೆಯೇ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರುವಂತಿಲ್ಲ, ಆಸ್ಪತ್ರೆಗೇ ಹೋಗಬೇಕು.

ಅಂಬೆಗಾಲು ಇಡತೊಡಗಿದ ಮೇಲೆ ಒಂದು ಭಾನುವಾರ ನಾನು ಹಜಾರದ ನೆಲದ ಮೇಲೆ ಬೋರಲಾಗಿ ಮಲಗಿ ಅವಳ ಎತ್ತರದಿಂದ ಮನೆಯನ್ನು ನೋಡಿದೆ. ಮಂಚದ ಕೆಳಗೆ ಚೌಕಾಬಾರದ ನಾಲ್ಕು ಹುಣಸೆ ಬೀಜ, ಗೋಡೆಯ ಬುಡದಲ್ಲಿ ಪ್ಲಗ್ಗು, ಟೀಪಾಯಿಯಿಂದ ಜೋತುಬಿದ್ದ ಬಟ್ಟೆ, ಬಚ್ಚಲಿನಲ್ಲಿ ತುಂಬಿದ ಬಕೆಟ್. ನಿಂತು ನೋಡುವವರಿಗೆ ಇವು ಯಾವುವೂ ಕಾಣುವುದಿಲ್ಲ. ಅಂದಿನಿಂದ ಬಕೆಟ್ ಖಾಲಿ ಮಾಡಿ ಕವುಚಿ ಇಡುವುದು ಮನೆಯವರಿಗೆಲ್ಲ ಅಭ್ಯಾಸವಾಯಿತು. ಒಂಬತ್ತು ತಿಂಗಳ ದಡಾರ-ರುಬೆಲ್ಲ ಲಸಿಕೆಗೂ ಎ ಜೀವಸತ್ವದ ಮೊದಲ ಡೋಸಿಗೂ ಹೋದಾಗ ಅಲ್ಲಿನ ನರ್ಸ್, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಮಾಡಬೇಕಾದ್ದನ್ನು ಗೊಂಬೆಯ ಮೇಲೆ ತೋರಿಸಿಕೊಟ್ಟರು. ಸದ್ದು ಮಾಡಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದೇ ಇಲ್ಲದೆ ತುಟಿ ನೀಲಿಯಾದರೆ ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲಾಗಿಸಿ ಭುಜಗಳ ನಡುವೆ ಐದು ಗುದ್ದು, ತಿರುಗಿಸಿ ಎದೆಯ ಮಧ್ಯೆ ಎರಡು ಬೆರಳಿನಿಂದ ಐದು ಒತ್ತು, ಸಹಾಯಕ್ಕೆ ಕೂಗು. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬಾರದು. ಅತ್ತೆಗೂ ಅದನ್ನು ಕಲಿಸಿದೆ. ಸೋದರಮಾವ ತಂದುಕೊಟ್ಟ ವಾಕರ್ ಮಾತ್ರ ಒಳಲೆಯ ಪಕ್ಕಕ್ಕೆ ಅಟ್ಟ ಸೇರಿತು. ಅದರಲ್ಲಿ ಕೂರಿಸಿದರೆ ನಡಿಗೆ ಬೇಗ ಬರುವುದಿಲ್ಲ, ಬೀಳುವುದು ಬೇಗ. ಕೆನಡಾ ದೇಶ 2004ರಲ್ಲಿಯೇ ಅದನ್ನು ನಿಷೇಧಿಸಿದೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಒಂಬತ್ತನೆಯ ತಿಂಗಳ ಬೆಳಗುಗಳು. ಅಲ್ಲಿಯವರೆಗೆ ಯಾರು ಕರೆದರೂ ಹೋಗುತ್ತಿದ್ದವಳು ನನ್ನ ಸೆರಗು ಬಿಡದಾದಳು. ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂದು ತಿಳಿಯುವಷ್ಟು ಬುದ್ಧಿ ಬಂದಿದೆ, ಮತ್ತೆ ಬರುತ್ತಾಳೆ ಎಂದು ತಿಳಿಯುವಷ್ಟು ಇನ್ನೂ ಇಲ್ಲ. ಕಣ್ಣು ತಪ್ಪಿಸಿ ಹೋಗು ಎಂದರು ಅತ್ತೆ. ಒಂದು ವಾರ ಹಿತ್ತಿಲ ಬಾಗಿಲಿನಿಂದ ಹೋದೆ. ರಾತ್ರಿ ಐದಾರು ಸಲ ಎದ್ದು ನಾನು ಇದ್ದೇನೆಯೇ ಎಂದು ತಡಕಾಡತೊಡಗಿದಳು. ಆಮೇಲೆ ಗೇಟಿನ ಬಳಿ ನಿಂತು, ಕೆನ್ನೆ ಮುಟ್ಟಿ, “ಹೋಗಿ ಬರುತ್ತೇನೆ ಪುಟ್ಟಿ” ಎಂದು ಹೇಳಿಯೇ ಹೊರಟೆ. ಅತ್ತಳು, ನಾಲ್ಕು ದಿನ ಜೋರಾಗಿ. ಐದನೆಯ ದಿನ ಅತ್ತೆಯ ಹೆಗಲ ಮೇಲಿಂದ ಕೈ ಬೀಸಿದಳು. ಬಸ್ಸಿನಲ್ಲಿ ಅತ್ತವಳು ನಾನು.

ಹುಟ್ಟಿದಾಗ 2.9 ಕೆಜಿ ಇದ್ದವಳು ವರ್ಷ ತುಂಬಿದ ದಿನ 8.8. ಆ ವಾರದಿಂದ ಅವಳಿಗೆ ನಮ್ಮ ಮನೆಯ ಅಡುಗೆಯೇ. ಬಸ್ಸಾರು ಮಾಡುವ ದಿನ ಅತ್ತೆ ಖಾರ ರುಬ್ಬಿ ಹಾಕುವ ಮೊದಲೇ ಬೆಂದ ಕಾಳು, ಸೊಪ್ಪನ್ನು ಅವಳ ತಟ್ಟೆಗೆ ತೆಗೆದು ಕಿವುಚುತ್ತಾರೆ. ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ಅದರಲ್ಲಿ ಮಿದಿದು ಎದುರಿಗೆ ಇಡುತ್ತಾರೆ. ಅವಳು ಹೆಬ್ಬೆರಳು, ತೋರುಬೆರಳಿನಲ್ಲಿ ಕಾಳನ್ನು ಒಂದೊಂದಾಗಿ ಎತ್ತಿ ತಿನ್ನುತ್ತಾಳೆ, ಮುಖಕ್ಕೆಲ್ಲ ಬಳಿದುಕೊಳ್ಳುತ್ತಾಳೆ. ಮೊನ್ನೆ ಅರ್ಧ ತಟ್ಟೆ ಇರುವಾಗಲೇ ಮುಖ ತಿರುಗಿಸಿದಳು. “ಸಾಕೇನೋ, ಸರಿ ಬಿಡು” ಎಂದು ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು.